ಬರೀ ಹುಲ್ಲಿರುವ ಹೊಲದಲ್ಲಿ ಕೋಟೆ ಇತ್ತು ಅಂತ ಹೇಗೆ ಗೊತ್ತಾಗುತ್ತೆ?

ಐರ್ಲೆಂಡಿನಲ್ಲಿ ಹೊಸ ರಸ್ತೆ ಹಾಕುವ ಮೊದಲು ನೆಲ ಅಗೆದು ನೋಡುವ ತಂಡದಲ್ಲಿದ್ದೇನೆ ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು.

ಕೋಟೆ ಅಂದರೆ ಚಿತ್ರದುರ್ಗವನ್ನು ನೆನೆಸಿಕೊಳ್ಳಬೇಡಿ. ಇದು ಒಂದು ರೈತ ಕುಟುಂಬದ ಮನೆ ಮತ್ತು ಅಂಗಳ. ಸುತ್ತ ದುಂಡಗೆ ಕಂದಕ ತೋಡಿ, ಆ ಮಣ್ಣಿನಿಂದಲೇ ಒಳಗಡೆ ಏರಿ ಕಟ್ಟುತ್ತಿದ್ದರು. ಅಡ್ಡಳತೆ ಸಾಮಾನ್ಯವಾಗಿ 30 ಮೀಟರ್ ಆಸುಪಾಸು. ಹೆಚ್ಚಿನವು ಕ್ರಿ.ಶ. 500ರಿಂದ 1000ದ ನಡುವಿನವು. ಇಡೀ ದ್ವೀಪದಲ್ಲಿ 40,000ಕ್ಕೂ ಹೆಚ್ಚು ಗುರುತಾಗಿವೆ. ಆ ಕಾಲದಲ್ಲಿ ಯಾರು ಎಷ್ಟು ದೊಡ್ಡವರು ಅನ್ನೋದನ್ನು ದನಗಳ ಲೆಕ್ಕದಲ್ಲೇ ಅಳೆಯುತ್ತಿದ್ದರು. ದನ ಕದಿಯಲು ಬರುವವರೂ ಇದ್ದರು. ಹಾಗಾಗಿ ಏರಿ, ಕಂದಕ ಬೇಕೇ ಬೇಕಿತ್ತು.

ಮೊದಲ ಸುಳಿವು ಊರಿನ ಹೆಸರಲ್ಲೇ ಇರಬಹುದು. ಇಂಥ ಮಣ್ಣಿನ ಕೋಟೆಗೆ ಐರಿಷಿನಲ್ಲಿ ರಾತ್ ಅಥವಾ ಲಿಸ್ ಅನ್ನುತ್ತಾರೆ. ಡಬ್ಲಿನ್ನಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ರಾತ್‌ಮೈನ್ಸ್ ಗೊತ್ತಲ್ವಾ? ಆ ರಾತ್ ಇದೇ. ಆಮೇಲೆ 1830ರ ದಶಕದ ಸರ್ವೆ ನಕ್ಷೆಗಳು. ಈಗ ಉತ್ತು ಸಪಾಟಾಗಿರುವ ಕೋಟೆಗಳು ಅದರಲ್ಲಿ ಪುಟ್ಟ ವೃತ್ತಗಳಾಗಿ ಕಾಣುತ್ತವೆ. ಮಳೆ ಕಡಿಮೆಯಾದ ಬೇಸಿಗೆಯಲ್ಲಿ ಮೇಲಿಂದ ಫೋಟೋ ತೆಗೆದರೆ ಇನ್ನೂ ಚೆನ್ನ. ತುಂಬಿಹೋದ ಕಂದಕದ ಮಣ್ಣು ಆಳ, ತೇವ ಜಾಸ್ತಿ. ಅದರ ಮೇಲಿನ ಬೆಳೆ ಮಾತ್ರ ಹಸಿರಾಗಿ, ಬಳೆ ಇಟ್ಟ ಹಾಗೆ ಉಳಿದಿರುತ್ತದೆ.

ಇಷ್ಟಾದರೂ ಅದು ಅನುಮಾನವೇ. ಖಾತ್ರಿಯಾಗುವುದು ನೆಲ ತೆರೆದಾಗ.

ಹಲ್ಲಿಲ್ಲದ ಅಗಲ ಬಕೆಟ್ ಹಾಕಿದ ಯಂತ್ರ ಮೇಲ್ಮಣ್ಣನ್ನು ತೆಳುವಾಗಿ ಕೆರೆಯುತ್ತಾ ಹಿಂದೆ ಸರಿಯುತ್ತದೆ. ನಮ್ಮಲ್ಲೊಬ್ಬರು ಎದುರಿಗೆ ನಿಂತು ನೆಲವನ್ನೇ ನೋಡುತ್ತಿರುತ್ತೇವೆ. ಹಳದಿ ಜೇಡಿ, ಹಳದಿ ಜೇಡಿ, ಇದ್ದಕ್ಕಿದ್ದಂತೆ ಕಪ್ಪುಗಂದು ಮಣ್ಣಿನ ಪಟ್ಟಿ. ಕೈ ಎತ್ತುತ್ತೇವೆ, ಯಂತ್ರ ನಿಲ್ಲುತ್ತದೆ. ಮಂಡಿಯೂರಿ ಕರಣೆಯಿಂದ ಕೆರೆದರೆ ಎರಡು ಬಣ್ಣಗಳ ನಡುವಿನ ಗೆರೆ ಸ್ಪಷ್ಟವಾಗುತ್ತದೆ. ಒಣಗಿದ ದಿನ ಸ್ವಲ್ಪ ನೀರು ಚಿಮುಕಿಸಿದರೆ ಸಾಕು, ಬಣ್ಣ ಎದ್ದುಬರುತ್ತದೆ. ಅದು ಸಾವಿರ ವರ್ಷದ ಹಿಂದೆ ಯಾರೋ ಸಲಿಕೆ ಹಾಕಿದ ಅಂಚು. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಪರೀಕ್ಷೆಗೆ ಇಡೀ ಕಂದಕ ಅಗೆಯುವುದಿಲ್ಲ. ಅಡ್ಡಲಾಗಿ ಒಂದು ಕಡೆ ಕತ್ತರಿಸಿ ಪದರಗಳನ್ನು ನೋಡುತ್ತೇವೆ. ತಳದಲ್ಲಿ ನೀರು ತಂದ ನಯವಾದ ಬೂದು ಮಣ್ಣು, ಮೇಲೆ ಏರಿಯಿಂದ ಉರುಳಿದ ಕಲ್ಲು, ನಡುವೆ ದನದ ಮೂಳೆ, ಸುಟ್ಟು ಕರಿಯಾದ ಬಾರ್ಲಿ ಕಾಳು. ಆ ಒಂದು ಕಾಳು ಪ್ರಯೋಗಾಲಯಕ್ಕೆ ಹೋದರೆ ಕಾಲ ತಿಳಿಯುತ್ತದೆ.

ಎಷ್ಟು ಉಳಿದಿದೆ ಅಂತ ಗೊತ್ತಾದ ಮೇಲೆ ಎರಡೇ ದಾರಿ: ರಸ್ತೆ ಸರಿಸುವುದು, ಇಲ್ಲವೇ ಪೂರ್ತಿ ಅಗೆದು ದಾಖಲಿಸುವುದು. ಸರಿಸುವುದೇ ಮೇಲು ಅನ್ನುತ್ತೇನೆ ನಾನು. ಒಮ್ಮೆ ಅಗೆದದ್ದನ್ನು ಇನ್ನೊಬ್ಬರು ಮತ್ತೆ ಅಗೆಯಲು ಬರೋದಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಕಂದಕ ನಿಂತುಹೋಗುವ ಜಾಗ. ಅದೇ ಬಾಗಿಲು, ಹೆಚ್ಚಾಗಿ ಪೂರ್ವಕ್ಕೋ ಆಗ್ನೇಯಕ್ಕೋ. ಅಲ್ಲಿ ಕೆಲವೊಮ್ಮೆ ಕಲ್ಲು ಹಾಸಿರುತ್ತಾರೆ, ದಿನಾ ಓಡಾಡುವ ದನಗಳ ಕಾಲು ಕೆಸರಿನಲ್ಲಿ ಹೂತುಹೋಗದಿರಲಿ ಅಂತ.