ವೇಗದ ಟರ್ಮ್ ಯಾಕೆ ಸೇರಿಸಲಿಲ್ಲ

ಮೈಗ್ರೇನ್ ಇರುವ ಕೆಲವರಿಗೆ ತಲೆನೋವು ಶುರುವಾಗೋ ಮೊದಲು ಕಣ್ಣೆದುರು ಮಿಣಮಿಣ ಹೊಳೆಯುವ ಅಂಕುಡೊಂಕು ಗೆರೆ ಕಾಣುತ್ತದೆ. ನೋಟದ ನಡುವೆ ಸಣ್ಣದಾಗಿ ಹುಟ್ಟಿ, ಕಮಾನಾಗಿ ಬೆಳೆಯುತ್ತಾ ಅಂಚಿಗೆ ಸರಿಯುತ್ತದೆ. ಅದು ಹಾದುಹೋದ ಜಾಗದಲ್ಲಿ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಇದೇ ಔರಾ. ಕಣ್ಣು ಮುಚ್ಚಿದರೂ ಹೋಗಲ್ಲ, ಯಾಕೆಂದರೆ ಇದು ನಡೆಯುವುದು ಮಿದುಳಿನ ಹಿಂಭಾಗದಲ್ಲಿ. ಇದನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದು ನನ್ನ ಕೆಲಸ.

ಮಾಡೆಲ್ ಅಂದ್ರೆ ಏನೋ ದೊಡ್ಡದು ಅಂದ್ಕೋಬೇಡಿ. ಮಿದುಳಿನ ಮೇಲ್ಪದರವನ್ನು ಪುಟ್ಟ ಚೌಕಗಳಾಗಿ ಭಾಗ ಮಾಡುತ್ತೇವೆ. ಒಂದೊಂದು ಚೌಕಕ್ಕೂ ಪೊಟ್ಯಾಸಿಯಂ ಲೆಕ್ಕ ಇಡುತ್ತೇವೆ. ನರಕೋಶಗಳ ಹೊರಗೆ ಅದು ಸಾಮಾನ್ಯವಾಗಿ ಲೀಟರಿಗೆ 3–4 ಮಿಲಿಮೋಲ್. ಮಿತಿ ದಾಟಿತೋ, ಕೋಶಗಳು ಒಮ್ಮೆಲೇ ಸಿಡಿದೆದ್ದು ಇನ್ನಷ್ಟು ಪೊಟ್ಯಾಸಿಯಂ ಹೊರಹಾಕಿ, ಆಮೇಲೆ ಕೆಲವು ನಿಮಿಷ ಸುಮ್ಮನಾಗಿಬಿಡುತ್ತವೆ. ಹೊರಬಂದದ್ದು ಪಕ್ಕದ ಚೌಕಕ್ಕೆ ಹರಡುತ್ತದೆ, ಅಲ್ಲೂ ಅದೇ ಕಥೆ. ಒಣಹುಲ್ಲಿಗೆ ಬೆಂಕಿ ಬಿದ್ದ ಹಾಗೆ, ಮುಂದೆ ಉರಿ, ಹಿಂದೆ ಬೂದಿ. ಬ್ರೆಜಿಲ್‌ನ ವಿಜ್ಞಾನಿ ಅರಿಸ್ಟಿಡೀಸ್ ಲಿಯಾವ್ ಮೊಲದ ಮಿದುಳಿನಲ್ಲಿ ಈ ಅಲೆಯನ್ನು ಕಂಡು 1944ರಲ್ಲಿ ಬರೆದರು. ವೇಗ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್.

ಹೊಸದಾಗಿ ಸೇರಿದ ಹುಡುಗ ಕೇಳಿದ: "ಮೇಡಂ, ನಮ್ಮ ಅಲೆ ಒಂದೇ ವೇಗದಲ್ಲಿ ಹೋಗ್ತಿದೆ. ಪೇಶೆಂಟ್‌ಗಳು ಬರೆದ ಚಿತ್ರದಲ್ಲಿ ಅಂಚಿಗೆ ಹೋದ ಹಾಗೆ ವೇಗ ಜಾಸ್ತಿ ಆಗುತ್ತೆ. ಅದಕ್ಕೆ ಸಮೀಕರಣದಲ್ಲಿ ಒಂದು ಟರ್ಮ್, ಅಂದ್ರೆ ವೇಗ ಹೆಚ್ಚಿಸೋ ಇನ್ನೊಂದು ಭಾಗ, ಸೇರಿಸೋಣವಾ?"

ಸೇರಿಸಿದರೆ ಗ್ರಾಫ್ ಹೊಂದುತ್ತಿತ್ತು, ಅನುಮಾನವೇ ಇಲ್ಲ. ಎಂಥ ಗ್ರಾಫನ್ನಾದರೂ ಹಾಗೆ ಹೊಂದಿಸಬಹುದು ಅಲ್ವಾ? ಅದಕ್ಕೇ ಬೇಡ ಅಂದೆ. ಮೊದಲು ಮಿದುಳಿನಲ್ಲಿ ನೋಟದ ನಕ್ಷೆ, ಅಂದರೆ ನೋಟದ ಯಾವ ಭಾಗಕ್ಕೆ ಮಿದುಳಿನ ಯಾವ ಜಾಗ ಅನ್ನೋದು, ಹೇಗಿದೆ ನೋಡು ಅಂದೆ.

ಆ ನಕ್ಷೆಯಲ್ಲಿ ನೋಟದ ನಡುಭಾಗಕ್ಕೆ ಸಿಕ್ಕಾಪಟ್ಟೆ ಜಾಗ, ಅಂಚಿಗೆ ಚೂರೇ ಚೂರು. ನೇತ್ರತಜ್ಞರಾದ ಹಾರ್ಟನ್ ಮತ್ತು ಹಾಯ್ಟ್ 1991ರಲ್ಲಿ ಕೊಟ್ಟ ಸೂತ್ರ ಹಾಕಿದರೆ, ನಡುವಿನಿಂದ 1 ಡಿಗ್ರಿ (ಕಣ್ಣಿನಿಂದ ಅಳೆದ ಕೋನ) ದೂರದಲ್ಲಿ ಒಂದು ಡಿಗ್ರಿ ನೋಟಕ್ಕೆ ಸುಮಾರು 10 ಮಿಲಿಮೀಟರ್ ಮಿದುಳು. 10 ಡಿಗ್ರಿ ದೂರದಲ್ಲಿ ಬರೀ 1.6. ಅಂದರೆ ಅದೇ 3 ಮಿಲಿಮೀಟರ್ ವೇಗದ ಅಲೆಗೆ ಒಂದು ಡಿಗ್ರಿ ದಾಟಲು ಅಲ್ಲಿ ಮೂರು ನಿಮಿಷಕ್ಕೂ ಜಾಸ್ತಿ ಬೇಕು, ಇಲ್ಲಿ ಅರ್ಧ ನಿಮಿಷ ಸಾಕು. ನಡುವಿನಿಂದ 30 ಡಿಗ್ರಿವರೆಗಿನ ದಾರಿ ಕೂಡಿಸಿದರೆ ಇಪ್ಪತ್ತೊಂದು ನಿಮಿಷ ಚಿಲ್ಲರೆ. ಔರಾ ಬರುವವರೂ ಎಷ್ಟೋ ಸಲ ಹೇಳುವುದು ಇಪ್ಪತ್ತು ನಿಮಿಷ ಅಂತಲೇ. ಅಲೆಯ ವೇಗ ಒಂದೇ, ನಕ್ಷೆ ಮಾತ್ರ ಹಿಗ್ಗಿದೆ, ಕುಗ್ಗಿದೆ. ಇದೇ ದಾರಿಯಲ್ಲಿ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತಮ್ಮದೇ ಔರಾದ ಚಿತ್ರ ಬರೆದುಕೊಂಡು, 1941ರಲ್ಲೇ ನಿಮಿಷಕ್ಕೆ 3 ಮಿಲಿಮೀಟರ್ ಅಂತ ಅಂದಾಜು ಮಾಡಿದ್ದರು. ಕಂಪ್ಯೂಟರ್ ಇಲ್ಲದೆ! ನಮ್ಮ ಹುಡುಗ ಅದನ್ನು ಓದಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಹಾಗಂತ ಯಾವ ಟರ್ಮೂ ಬೇಡ ಅನ್ನೋ ಹಟ ನನಗಿಲ್ಲ. ನಮ್ಮ ಸರಳ ಮಾಡೆಲ್‌ನಲ್ಲಿ ಅಲೆ ಉಂಗುರದಂತೆ ಹಬ್ಬಿ ಸಿಕ್ಕ ಜಾಗವನ್ನೆಲ್ಲ ನುಂಗುತ್ತದೆ. ಆದರೆ ತುಂಬಾ ಜನರಿಗೆ ಕಾಣುವುದು ಒಂದು ತುಂಡು ಕಮಾನು, ಅದೂ ದಾರಿಯಲ್ಲೇ ಮಾಯ. ಇದನ್ನು ಯಾವ ನಕ್ಷೆಯೂ ಬಿಡಿಸಿ ಹೇಳಲ್ಲ. ಅಲೆ ದೊಡ್ಡದಾದಷ್ಟೂ ಅದನ್ನು ಹಿಂದಕ್ಕೆಳೆಯುವ ಒಂದು ತಡೆ ಬೇಕೇ ಬೇಕು. ಆ ಟರ್ಮ್ ಹಾಕಿದ್ದೇವೆ. ಮಿದುಳಿನಲ್ಲಿ ಆ ತಡೆ ಯಾವುದು, ರಕ್ತದ ಹರಿವಾ ಇನ್ನೊಂದಾ ಅನ್ನೋ ಜಗಳ ವಾರವಾರದ ಮೀಟಿಂಗಿನಲ್ಲಿ ನಡೆದೇ ಇದೆ.

ಈಗ ಚಿತ್ರ ಕೊಡುವವರ ಹತ್ತಿರ ನಾವು ಕೇಳುವುದು ಇಷ್ಟೇ: ಗೋಡೆಯ ಮೇಲೆ ಒಂದು ಚುಕ್ಕಿ ಇಟ್ಟು ಅದನ್ನೇ ನೋಡಿ, ನಿಮಿಷಕ್ಕೊಮ್ಮೆ ಗೆರೆ ಎಳೆಯಿರಿ, ಪಕ್ಕದಲ್ಲಿ ಟೈಮ್ ಬರೆಯಿರಿ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಟೈಮ್ ಇಲ್ಲದಿದ್ದರೆ ನಮ್ಮ ಲೆಕ್ಕಕ್ಕೆ ಬರಲ್ಲ.