ಬ್ಯಾಟರಿ ಇದೆ, ಗಡಿಯಾರವಿಲ್ಲ

ಗೆಳೆಯನೊಬ್ಬ ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಕನ್ಸೋಲ್ ಆದ ಗೇಮ್ ಬಾಯ್ ಅಡ್ವಾನ್ಸ್‌ಗಾಗಿ ಪೋಕೆಮಾನ್ ಎಮೆರಾಲ್ಡ್ ಆಟದ ಎರಡು ಹಳೆಯ ಕಾರ್ಟ್ರಿಜ್‌ಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ತಂದು, ಅಸಲಿ ಯಾವುದು, ನಕಲಿ ಯಾವುದು ಹೇಳು ಎಂದು ನನ್ನ ಮುಂದಿಟ್ಟ. ಎರಡೂ ತಕರಾರಿಲ್ಲದೆ ಆರಂಭವಾದವು. ಕಾರ್ಟ್ರಿಜ್‌ನಲ್ಲಿ ನಿಂಟೆಂಡೊ ಲಾಂಛನದ ದತ್ತಾಂಶ ಇದೆಯೇ ಎಂದು ಕನ್ಸೋಲ್ ಪರೀಕ್ಷಿಸುತ್ತದೆ ನಿಜ. ಆದರೆ ಇಡೀ ಆಟವನ್ನೇ ಕದ್ದವನು ಆ 156 ಬೈಟ್‌ಗಳನ್ನು ಬಿಟ್ಟಿರುತ್ತಾನೆಯೇ?

ಬೆಳಕಿಗೆ ಓರೆಯಾಗಿ ಹಿಡಿದಾಗ ಒಂದರ ಸ್ಟಿಕ್ಕರ್ ಮೇಲೆ ಶಾಯಿಯಿಲ್ಲದೆ ಒತ್ತಿ ಮೂಡಿಸಿದ ಎರಡಂಕಿಯ ಸಂಖ್ಯೆ ಕಾಣಿಸಿತು, ಇನ್ನೊಂದರಲ್ಲಿ ಅದಿರಲಿಲ್ಲ. "ಹಾಗಾದರೆ ಇದೇ ನಕಲಿ, ಬಿಡು" ಎಂದ ಅವನು. ಅಷ್ಟಕ್ಕೇ ತೀರ್ಮಾನಿಸಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಅಸಲಿ ಕಾರ್ಟ್ರಿಜ್‌ನ ಸ್ಟಿಕ್ಕರ್ ಹರಿದಾಗ ಹೊಸದನ್ನು ಅಂಟಿಸುವವರೂ ಇದ್ದಾರೆ.

ಮೂರು ಕವಲಿನ ಸ್ಕ್ರೂ ತೆಗೆದು ಎರಡನ್ನೂ ಬಿಚ್ಚಿದೆವು. ಅಂಕಿಯಿದ್ದ ಕಾರ್ಟ್ರಿಜ್‌ನ ಬೋರ್ಡಿನಲ್ಲಿ ಸಂಪರ್ಕ ಪಟ್ಟಿಗಳ ಮೇಲ್ಗಡೆ ನಿಂಟೆಂಡೊ ಹೆಸರು ಸ್ಪಷ್ಟವಾಗಿ ಅಚ್ಚಾಗಿತ್ತು. ಇನ್ನೊಂದರಲ್ಲಿ ಹೆಸರೇ ಇರಲಿಲ್ಲ, ಬೆಸುಗೆಯೂ ಒರಟಾಗಿತ್ತು. ಗೆಳೆಯನನ್ನು ಗೊಂದಲಗೊಳಿಸಿದ್ದು ಎರಡರಲ್ಲೂ ಇದ್ದ ಗುಂಡಿಯಾಕಾರದ ಬ್ಯಾಟರಿ. ಅಸಲಿ ಎಮೆರಾಲ್ಡ್‌ನಲ್ಲಿ ಬ್ಯಾಟರಿ ನಡೆಸುವುದು ಒಳಗಿನ ಗಡಿಯಾರವನ್ನು ಮಾತ್ರ. ಸೇವ್ ಮಾಡಿದ ಆಟ ಫ್ಲ್ಯಾಶ್ ಮೆಮೊರಿಯಲ್ಲಿರುವುದರಿಂದ ಬ್ಯಾಟರಿ ಸತ್ತರೂ ಅದು ಉಳಿಯುತ್ತದೆ. ಮೊದಲನೆಯದು ಆರಂಭವಾಗುವಾಗ ಬ್ಯಾಟರಿ ಮುಗಿದಿದೆ, ಆಟ ಆಡಬಹುದು, ಗಡಿಯಾರವನ್ನು ಅವಲಂಬಿಸಿದ ಘಟನೆಗಳು ಮಾತ್ರ ನಡೆಯವು ಎಂಬ ಸೂಚನೆ ಬಂದಿತ್ತು. ಆದರೂ ಹಿಂದಿನ ಒಡೆಯ ಆಡಿ ಬಿಟ್ಟ ಆಟ ಹಾಗೆಯೇ ಇತ್ತು. ಎರಡನೆಯ ಬೋರ್ಡಿನಲ್ಲಿ ಬ್ಯಾಟರಿ ಇತ್ತೇ ಹೊರತು ಗಡಿಯಾರಕ್ಕೆ ಲಯ ಕೊಡುವ ಪುಟ್ಟ ಕ್ರಿಸ್ಟಲ್ ಎಲ್ಲಿಯೂ ಕಾಣಲಿಲ್ಲ. ಗಡಿಯಾರವೇ ಇಲ್ಲದ ಮೇಲೆ ಆ ಬ್ಯಾಟರಿಗೆ ಬೇರೇನು ಕೆಲಸ? ಅದು ಅಗ್ಗದ ಮೆಮೊರಿಯೊಂದನ್ನು ಜೀವಂತವಾಗಿ ಹಿಡಿದಿತ್ತು, ಸತ್ತ ದಿನ ಸೇವ್ ಕೂಡ ಅಳಿಸಿಹೋಗುತ್ತಿತ್ತು.

ಈ ತರ್ಕವನ್ನು ಎಲ್ಲ ಕಾರ್ಟ್ರಿಜ್‌ಗಳಿಗೂ ಹಚ್ಚುವಂತಿಲ್ಲ. ಅದೇ ಕನ್ಸೋಲ್‌ನ ಇನ್ನೊಂದು ಪೋಕೆಮಾನ್ ಆಟವಾದ ಫೈರ್‌ರೆಡ್‌ನ ಅಸಲಿ ಕಾರ್ಟ್ರಿಜ್‌ನಲ್ಲಿ ಬ್ಯಾಟರಿಯೇ ಇರುವುದಿಲ್ಲ. 1990ರ ದಶಕದ ಗೇಮ್ ಬಾಯ್‌ನ ಪೋಕೆಮಾನ್ ಆಟಗಳಲ್ಲಾದರೋ ಸೇವ್ ನಿಂತಿದ್ದುದೇ ಬ್ಯಾಟರಿಯ ಮೇಲೆ.

ಮಾರಿದವರಿಗೆ ತೋರಿಸಲೆಂದು ಗೆಳೆಯ ಎರಡೂ ಬೋರ್ಡುಗಳನ್ನು ಅಕ್ಕಪಕ್ಕ ಇಟ್ಟು ಚಿತ್ರ ತೆಗೆದುಕೊಂಡ. ಅಸಲಿ ಕಾರ್ಟ್ರಿಜ್‌ಗೆ ಹೊಸ ಸಿಆರ್1616 ಬ್ಯಾಟರಿ ಬೆಸೆಯುವ ಕೆಲಸ ನನ್ನ ಪಾಲಿಗೆ ಬಂತು.