ಸುರಪುರದ ಟೇಲರ್ ಮಂಜಿಲ್

ಯಾದಗಿರಿ ಜಿಲ್ಲೆಯ ಸುರಪುರವನ್ನು ಸುತ್ತುವರಿದ ಕಲ್ಲುಗುಡ್ಡಗಳನ್ನು ಕಂಡಾಗ, 1705ರಲ್ಲಿ ಔರಂಗಜೇಬನು ಸಮೀಪದ ವಾಗಣಗೇರಾ ಕೋಟೆಗಾಗಿ ಇಲ್ಲಿನ ಅರಸ ಪಿಡ್ಡನಾಯಕನ ಮೇಲೆ ತಾನೇ ದಂಡೆತ್ತಿ ಬರಬೇಕಾದದ್ದೇಕೆಂದು ಅರಿವಾಗುತ್ತದೆ. ಊರಿನ ದೇವಾಲಯಗಳನ್ನು ಬೇಗನೆ ನೋಡಿ ಮುಗಿಸಿ, ಗುಡ್ಡದ ಮೇಲಿನ ಟೇಲರ್ ಮಂಜಿಲ್‌ಗೆ ಹೋದೆ. ಅತಿಥಿಗೃಹವಾಗಿರುವ ಆ ಬಂಗಲೆಯಲ್ಲಿ ಅಂದು ಯಾರೋ ಅಧಿಕಾರಿಗಳು ತಂಗಿದ್ದರೆಂದು ನನ್ನನ್ನು ಒಳಗೆ ಬಿಡಲಿಲ್ಲ. ಹೋಗುವವರು ಮೊದಲೇ ಅನುಮತಿ ಪಡೆಯುವುದು ಲೇಸು. ಸುಡುಬಿಸಿಲಿನಲ್ಲಿ ಗುಡ್ಡ ಹತ್ತಿ ಬಾಗಿಲಲ್ಲಿ ನಿಲ್ಲುವುದು ಹಿತವಲ್ಲ. ಹೊರಗಿನಿಂದ ಕಂಡಷ್ಟರಲ್ಲಿ ಹಳೆಯ ಗೋಡೆಗೆ ಬಳಿದ ಹೊಸ ಬಣ್ಣ ನನಗೆ ರುಚಿಸಲಿಲ್ಲ.

ಈ ಬಂಗಲೆಯನ್ನು ಕಟ್ಟಿಸಿದ ಆಂಗ್ಲ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಇಲ್ಲಿಗೆ ಬಂದು, ಬಾಲಕ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡು, 1853ರಲ್ಲಿ ಅದನ್ನು ಪ್ರಾಯಕ್ಕೆ ಬಂದ ಅರಸನಿಗೇ ಒಪ್ಪಿಸಿದನು. ಅರಸನು ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಯಾದ ವೆಂಕಟಪ್ಪನನ್ನು ಟೇಲರ್ ಹೈದರಾಬಾದಿನಲ್ಲಿ ಭೇಟಿಯಾದಾಗಲೂ ಅದೇ ಕರೆ ಕೇಳಿಬಂತೆಂದು ಅವನ ಆತ್ಮಕಥೆ ಹೇಳುತ್ತದೆ. ಅರಸನು ಇಪ್ಪತ್ನಾಲ್ಕನೆಯ ವರ್ಷವನ್ನು ದಾಟುವುದಿಲ್ಲವೆಂದು ಜಾತಕದಲ್ಲಿತ್ತೆಂಬುದನ್ನೂ ಅವನು ಅಲ್ಲೇ ಬರೆದಿದ್ದಾನೆ. ಚೆಂಗಲಪಟ್ಟಿನ ಸೆರೆಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅರಸನು ಬಲಿಯಾದನು; ಅದು ಆಕಸ್ಮಿಕವೋ ಅವನೇ ಬಯಸಿದ್ದೋ ಎಂಬುದನ್ನು ಟೇಲರ್ ತೀರ್ಮಾನಿಸಲಿಲ್ಲ.

ಮರದ ನೆರಳಲ್ಲಿ ಕುಳಿತಿದ್ದ ಹಿರಿಯರೊಬ್ಬರೊಡನೆ ಇದನ್ನೆಲ್ಲ ಹೇಳಿದೆ. "ಸಾಹೇಬ ಬರದದ್ದು ನೀವು ಓದೀರಿ. ನಮ್ಮ ಅರಸರು ಹಂಗ ಸಾಯೋರಲ್ರೀ, ಅವರನ್ನ ಕೊಂದಾರ," ಎಂದರು. ಪುರಾವೆ ಏನೆಂದು ಕೇಳಿದರೆ, ಪಿಸ್ತೂಲು ಕೈದಿಯ ಕೈಗೆ ಹೇಗೆ ಸಿಕ್ಕಿತೆಂದು ನನ್ನನ್ನೇ ಕೇಳಿದರು. ಆ ಪ್ರಶ್ನೆ ಆತ್ಮಕಥೆಯನ್ನು ಓದುವಾಗ ನನಗೆ ಹೊಳೆದೇ ಇರಲಿಲ್ಲ. ಟೇಲರ್ ಕೆಟ್ಟವನಾಗಿದ್ದನೇ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹುಡುಗನ್ನ ಚಂದ ನೋಡ್ಕೊಂಡಾನ, ಅದು ಖರೇನ್ರೀ. ಆದ್ರ ಹುಡುಗ ಸತ್ತ ಮ್ಯಾಲ ಮತ್ತ ಬಂದು ಇಲ್ಲೇ ಅಧಿಕಾರ ಮಾಡ್ಯಾನಲ್ಲ?" ಎಂದರು. ಅದು ನಿಜವೇ: ಟೇಲರ್ 1858ರಲ್ಲಿ ಬ್ರಿಟಿಷ್ ಅಧಿಕಾರಿಯಾಗಿ ಮರಳಿ ಸುರಪುರದ ಆಡಳಿತ ವಹಿಸಿಕೊಂಡನು, 1860ರ ಒಪ್ಪಂದದಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು.